ನಾಯಿಗಳ ಉಣ್ಣೆ ಚಿಗಟಗಳಿಗೆ ಮಾಡುವ ಮದ್ದು: ಕ್ಷೇಮಾಕ್ಷೇಮ ವಿಚಾರ

(ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಮುಖ್ಯವಾಗಿ ಕುರಿತು)

೧. ವಿಷಯಪ್ರವೇಶ

ಕನ್ನಡಿಗರು ನಾಯಿಗೆ ಸಲ್ಲಿಸಿದ ಗೌರವಕ್ಕೆ ಆತಕೂರಿನ ಶಾಸನಕ್ಕಿಂತ ಹಿರಿಯ ಸಾಕ್ಷ್ಯ ಬೇಕಾಗಿಲ್ಲ. ಶಕ ೮೭೨, ಎಂದರೆ ಕ್ರಿ. ಶ. ೯೪೯-೫೦ರ ಆ ಶಾಸನದಲ್ಲಿ, ಮಣಲೇರನು ಗಂಗರ ಬೂತುಗನಿಂದ ಮೆಚ್ಚುಗೆಯಾಗಿ ಬೇಡಿ ಪಡೆದ ಕಾಳಿ ಎಂಬ ನಾಯಿಯು ಹಂದಿಯೊಡನೆ ಹೋರಿದ ಸಂಗತಿಯೂ, ಹಂದಿ ನಾಯಿಗಳೆರಡೂ ಒಟ್ಟಿಗೆ ಮಡಿದ ಸಂಗತಿಯೂ ಹೇಳಲ್ಪಟ್ಟಿವೆ. ಆ ನಾಯಿಯ ನೆನಪಿಗೆ ಕಲ್ಲು ನೆಡಿಸಿ, ಕಲ್ಲಿನ ಪೂಜೆಗೆ ಭೂಮಿ ಬಿಟ್ಟ ವಿಷಯವೂ ಅಲ್ಲಿಯೇ ಉಂಟು. ಕಲ್ಯಾಣದ ಮೂರನೆಯ ಸೋಮೇಶ್ವರನು ತನ್ನ ಸಂಸ್ಕೃತ ಗ್ರಂಥವಾದ ಮಾನಸೋಲ್ಲಾಸದಲ್ಲಿ ರಾಜವಿನೋದಗಳನ್ನು ವಿವರಿಸುವಾಗ ಸಾರಮೇಯವಿನೋದಕ್ಕೂ ಎಡೆಗೊಟ್ಟಿದ್ದಾನೆ.

ಪ್ರಾಣಿಚಿಕಿತ್ಸೆಯಲ್ಲಿಯೂ ನಮ್ಮ ಭಾಷೆ ಬಡವಾಗಿರಲಿಲ್ಲ. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ಲೋಕೋಪಕಾರ, ಹನ್ನೆರಡನೆಯ ಶತಮಾನದಲ್ಲಿ ಚಾಲುಕ್ಯ ರಾಜಕುಮಾರನಾದ ಕೀರ್ತಿವರ್ಮನು ಬರೆದ ಗೋವೈದ್ಯ, ಅಭಿನವಚಂದ್ರನ ಅಶ್ವವೈದ್ಯ, ವಿಷಚಿಕಿತ್ಸೆಯನ್ನೇ ವಸ್ತುವಾಗಿ ಉಳ್ಳ ಮಂಗರಾಜನ ಖಗೇಂದ್ರಮಣಿದರ್ಪಣ, ಇವು ಸಾಹಿತ್ಯಚರಿತ್ರೆಯನ್ನು ಓದಿದವರೆಲ್ಲರಿಗೂ ಪರಿಚಿತವಾದ ಹೆಸರುಗಳು. ಈ ಗ್ರಂಥಪರಂಪರೆಯ ಹಿಂದೆ ಒಂದು ಸಾಮಾನ್ಯ ತತ್ತ್ವವಿದೆ: ಯುಕ್ತಿಯಿಂದ ಬಳಸಿದ ವಿಷ ಔಷಧವಾಗುತ್ತದೆ, ಯುಕ್ತಿಗೆಟ್ಟ ಔಷಧ ವಿಷವಾಗುತ್ತದೆ. ಹದಿನಾರನೆಯ ಶತಮಾನದಲ್ಲಿ ಯುರೋಪಿನ ಪ್ಯಾರಾಸೆಲ್ಸಸನು ಪ್ರಮಾಣವೇ ವಿಷವನ್ನು ವಿಷವಾಗಿಸುವುದೆಂದು ಸಾರಿದ್ದೂ ಇದಕ್ಕೆ ಸಮೀಪವಾದ ಮಾತೇ. ನಮ್ಮ ಜನರ ನುಡಿಯಲ್ಲಂತೂ ಈ ತತ್ತ್ವ ಒಂದೇ ಪದದಲ್ಲಿ ಅಡಗಿದೆ. ‘ಮದ್ದು ಕೊಟ್ಟರು’ ಎಂದರೆ ಚಿಕಿತ್ಸೆ. ‘ಮದ್ದು ಹಾಕಿದರು’ ಎಂದರೆ ಕೊಲೆಯ ಯತ್ನ. ಪದ ಒಂದೇ, ಕೈ, ಅಳತೆ, ಉದ್ದೇಶಗಳು ಬೇರೆ.

ಈ ಎರಡು ಅರ್ಥಗಳ ನಡುವಣ ಗೆರೆ ಬಹಳ ತೆಳುವಾಗಿರುವ ಒಂದು ನಿತ್ಯವ್ಯವಹಾರವನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ. ನಾಯಿಯ ಮೈಗೆ ಹತ್ತಿದ ಉಣ್ಣೆ ಚಿಗಟಗಳನ್ನು ಕೊಲ್ಲಲು ಬಳಸುವ ದ್ರವ್ಯಗಳೆಲ್ಲವೂ ಒಂದಲ್ಲ ಒಂದು ಬಗೆಯ ವಿಷಗಳೇ. ಕೀಟವನ್ನು ಕೊಂದು ನಾಯಿಯನ್ನು ಉಳಿಸುವ ವಿಷ ಯಾವುದು, ಯಾವ ಅಳತೆಯಲ್ಲಿ, ಯಾವ ಪ್ರಾಣಿಗೆ, ಯಾವ ಸ್ಥಳದಲ್ಲಿ? ಈ ಪ್ರಶ್ನೆಗಳಿಗೆ ಉತ್ತರ ತಪ್ಪಿದರೆ ನಾಯಿ ಸಾಯುವುದುಂಟು, ಬೆಕ್ಕು ಸಾಯುವುದುಂಟು, ಕೆರೆಯ ಮೀನು ಸಾಯುವುದುಂಟು, ಮನೆಯ ಕೂಸಿಗೂ ಅಪಾಯವುಂಟು.

೨. ಸೀಮೆ

ತುಮಕೂರು ಜಿಲ್ಲೆಯ ಈ ನಾಲ್ಕು ತಾಲ್ಲೂಕುಗಳು ಒಣಸೀಮೆಗೆ ಸೇರಿದವು. ಮಧುಗಿರಿಯ ಏಕಶಿಲಾಬೆಟ್ಟ, ಪಾವಗಡದ ಕೋಟೆಬೆಟ್ಟ, ಗಿಡಮೂಲಿಕೆಗಳಿಗೆ ಹೆಸರಾದ ಕೊರಟಗೆರೆಯ ಸಿದ್ಧರಬೆಟ್ಟ, ಇವುಗಳ ನಡುವೆ ಕುರುಚಲು ಕಾಡು, ಹುಲ್ಲುಗಾವಲು, ರಾಗಿ ಮತ್ತು ಕಡಲೆಕಾಯಿಯ ಹೊಲಗಳು ಹರಡಿವೆ. ಜಯಮಂಗಲಿ ಸುವರ್ಣಮುಖಿಗಳು ಮಳೆಗಾಲದ ಹೊಳೆಗಳು. ವರ್ಷದ ಹೆಚ್ಚು ಭಾಗ ಜನಕ್ಕೂ ದನಕ್ಕೂ ಕೆರೆಕಟ್ಟೆಗಳೂ ಕೊಳವೆಬಾವಿಗಳೂ ಆಧಾರ. ಕಾಡುಗೊಲ್ಲರ ಹಟ್ಟಿಗಳೂ ಕುರುಬರ ರೊಪ್ಪಗಳೂ ಈ ಸೀಮೆಯ ಮುಖ್ಯ ಲಕ್ಷಣ.

ಇಂತಹ ನೆಲದಲ್ಲಿ ನಾಯಿಯು ಅಲಂಕಾರದ ಪ್ರಾಣಿಯಲ್ಲ. ರಾತ್ರಿ ರೊಪ್ಪದ ಬಾಗಿಲಲ್ಲಿ ಮಲಗಿ ತೋಳಕ್ಕೂ ಚಿರತೆಗೂ ಅಡ್ಡ ನಿಲ್ಲುವುದು ಅದೇ. ಹಗಲು ಮಂದೆಯ ಹಿಂದೆ ನಡೆಯುವುದೂ ಅದೇ. ಆ ನಾಯಿ ರಕ್ತಹೀನವಾಗಿ ಬಿದ್ದರೆ ನಷ್ಟವು ನಾಯಿಗೆ ನಿಲ್ಲದೆ ಮಂದೆಗೆ ತಟ್ಟುತ್ತದೆ. ಆದುದರಿಂದ ಉಣ್ಣೆಯ ಮದ್ದಿನ ವಿಚಾರ ಇಲ್ಲಿ ಜೀವನೋಪಾಯದ ವಿಚಾರವೂ ಆಗಿದೆ.

ಇಲ್ಲಿ ಒಂದು ಶಬ್ದವಿಚಾರ ಅಪ್ರಸ್ತುತವಾಗಲಾರದು. ಕನ್ನಡದಲ್ಲಿ ‘ಉಣ್ಣೆ’ ಎಂಬ ರೂಪಕ್ಕೆ ಎರಡು ಅರ್ಥಗಳಿವೆ. ಕುರಿಯ ತುಪ್ಪುಳೆಂಬ ಅರ್ಥದ ಉಣ್ಣೆ ಸಂಸ್ಕೃತದ ಊರ್ಣಾ ಶಬ್ದದಿಂದ ಬಂದುದು. ಪ್ರಾಣಿಗಳ ಮೈಗೆ ಕಚ್ಚಿ ರಕ್ತ ಹೀರುವ ಜಂತುವೆಂಬ ಅರ್ಥದ ಉಣ್ಣೆ ದ್ರಾವಿಡ ಶಬ್ದ. ತಮಿಳು ಮಲೆಯಾಳಗಳಲ್ಲಿ ಅದು ‘ಉಣ್ಣಿ’. ನಮ್ಮಲ್ಲಿ ಕೆಲವೆಡೆ ‘ಉಣುಗು’ ಎಂದೂ ಹೇಳುವರು. ಕೆಚ್ಚಲಿಗೆ ಕಚ್ಚಿಕೊಂಡ ಉಣ್ಣೆಗೆ ಹಾಲಿನ ಸವಿ ತಿಳಿಯದೆಂಬ ದೃಷ್ಟಾಂತ ಲೋಕಪ್ರಸಿದ್ಧ. ಕಂಬಳಿಯ ಉಣ್ಣೆಯೂ ರಕ್ತ ಹೀರುವ ಉಣ್ಣೆಯೂ ಒಂದೇ ರೊಪ್ಪದಲ್ಲಿ ದೊರೆಯುವ ಈ ಸೀಮೆಯಲ್ಲಿ ಎರಡು ಅರ್ಥಗಳೂ ನಿತ್ಯಬಳಕೆಯವು.

೩. ಶತ್ರುವಿನ ಸ್ವರೂಪ

ಮದ್ದನ್ನು ತೂಗುವ ಮೊದಲು ಶತ್ರುವನ್ನು ಅರಿಯಬೇಕು. ಉಣ್ಣೆಯು ಕೀಟವರ್ಗಕ್ಕೆ ಸೇರಿದುದಲ್ಲ; ಬೆಳೆದ ಉಣ್ಣೆಗೆ ಎಂಟು ಕಾಲುಗಳಿದ್ದು ಅದು ಜೇಡ ಚೇಳುಗಳ ಬಳಗಕ್ಕೆ ಸೇರುತ್ತದೆ. ಚಿಗಟವಾದರೋ ಆರು ಕಾಲಿನ, ರೆಕ್ಕೆಯಿಲ್ಲದ, ನೆಗೆಯುವ ಕೀಟ. ಈ ಭೇದದಿಂದಲೇ ಚಿಗಟವನ್ನು ಕೊಲ್ಲುವ ಕೆಲವು ದ್ರವ್ಯಗಳು ಉಣ್ಣೆಯ ಮೇಲೆ ನಡೆಯುವುದಿಲ್ಲ.

ನಮ್ಮ ನಾಯಿಗಳಿಗೆ ಹೆಚ್ಚಾಗಿ ಹತ್ತುವುದು ಕಂದುಬಣ್ಣದ ನಾಯಿ ಉಣ್ಣೆ. ಶಾಸ್ತ್ರದಲ್ಲಿ ಇದಕ್ಕೆ ರಿಪಿಸೆಫಾಲಸ್ ಸ್ಯಾಂಗ್ವಿನಿಯಸ್ ಎಂದು ಹೆಸರು. ಮರಿ, ಎಳೆಯದು, ಬೆಳೆದದ್ದು ಎಂಬ ಮೂರು ಅವಸ್ಥೆಗಳಲ್ಲಿಯೂ ಇದು ನಾಯಿಯನ್ನೇ ಹುಡುಕಿ ರಕ್ತ ಹೀರುತ್ತದೆ; ಪ್ರತಿಸಲವೂ ಹೊಟ್ಟೆ ತುಂಬಿದ ಮೇಲೆ ಕೆಳಕ್ಕೆ ಬಿದ್ದು ಗೋಡೆಯ ಬಿರುಕಿನಲ್ಲೋ ಚಪ್ಪಡಿಯ ಸಂದಿಯಲ್ಲೋ ಅಡಗಿ ಪೊರೆ ಕಳಚುತ್ತದೆ. ಹೆಣ್ಣು ಉಣ್ಣೆಯೊಂದು ೪,೦೦೦ದಷ್ಟು ಮೊಟ್ಟೆಗಳನ್ನು ಇಡಬಲ್ಲದು. ಬೆಳೆದ ಉಣ್ಣೆ ಆಹಾರವಿಲ್ಲದೆ ತಿಂಗಳುಗಟ್ಟಲೆ ಬದುಕಬಲ್ಲದು. ಬೇರೆ ಜಾತಿಯ ಉಣ್ಣೆಗಳು ತೇವವನ್ನು ಬಯಸಿದರೆ ಇದು ಒಣಹವೆಗೂ ಮನೆಯೊಳಗಿನ ಬಾಳಿಗೂ ಒಗ್ಗಿದ ಜಾತಿ. ಕಲ್ಲುಚಪ್ಪಡಿಯ ಕೊಟ್ಟಿಗೆ, ಮಣ್ಣುಗೋಡೆಯ ಹಟ್ಟಿ, ತಗಡಿನ ಶೆಡ್ಡು, ಇವೆಲ್ಲ ಇದಕ್ಕೆ ಒಳ್ಳೆಯ ಬೀಡುಗಳು. ಯಾವುದೇ ಹೊತ್ತಿನಲ್ಲಿ ನಾಯಿಯ ಮೈಮೇಲೆ ಕಾಣುವ ಉಣ್ಣೆಗಳು ಒಟ್ಟು ಸಂತತಿಯಲ್ಲಿ ಅಲ್ಪಾಂಶ. ಮಿಕ್ಕದ್ದು ನೆಲದಲ್ಲಿಯೂ ಗೋಡೆಯಲ್ಲಿಯೂ ಇರುತ್ತದೆ. ಈ ಒಂದು ಸಂಗತಿಯನ್ನು ಮರೆತು ನಾಯಿಗೇ ಮತ್ತೆಮತ್ತೆ ವಿಷ ಬಳಿಯುವುದೇ ಅನೇಕ ಅನರ್ಥಗಳ ಮೂಲ.

ಚಿಗಟದ ನಡತೆಯೂ ಇಂತಹುದೇ. ಭಾರತದ ನಾಯಿಗಳಲ್ಲಿ ಸಾಮಾನ್ಯವಾಗಿರುವ ಚಿಗಟ ಕುರಿಮೇಕೆಗಳ ಮೇಲೆಯೂ ಬಾಳಬಲ್ಲದು. ರೊಪ್ಪದಲ್ಲಿ ನಾಯಿಗೆ ಮಾತ್ರ ಮದ್ದು ಮಾಡಿದರೆ ಫಲ ನಿಲ್ಲದಿರುವುದಕ್ಕೆ ಇದೊಂದು ಕಾರಣ. ಚಿಗಟದ ಮೊಟ್ಟೆಗಳು ನೆಲಕ್ಕೆ ಉದುರಿ ಧೂಳಿನಲ್ಲಿ ಬೆಳೆಯುತ್ತವೆ. ಗೂಡುಕಟ್ಟಿದ ಅವಸ್ಥೆಯಲ್ಲಿರುವ ಮರಿಯನ್ನು ಔಷಧ ಸುಲಭವಾಗಿ ಮುಟ್ಟಲಾರದು.

ಇವು ತರುವ ರೋಗಗಳು ಅಲ್ಪವಲ್ಲ. ಉಣ್ಣೆಯ ಮೂಲಕ ಹರಡುವ ಎರ್ಲಿಕಿಯಾ ರೋಗದಲ್ಲಿ ಜ್ವರ, ಮೂಗಿನಿಂದ ರಕ್ತಸ್ರಾವ, ದೇಹಕ್ಷಯಗಳು ಕಾಣುತ್ತವೆ. ಬೆಬೀಸಿಯಾ ಎಂಬ ಜೀವಾಣು ಕೆಂಪು ರಕ್ತಕಣಗಳನ್ನೇ ಒಡೆಯುತ್ತದೆ. ಇದರ ಒಂದು ಪ್ರಭೇದವಾದ ಬೆಬೀಸಿಯಾ ಗಿಬ್ಸೋನಿಯನ್ನು ೧೯೧೦ರಲ್ಲಿ ಪ್ಯಾಟನ್ ಎಂಬ ಶಾಸ್ತ್ರಜ್ಞನು ಮದರಾಸಿನ ಬೇಟೆನಾಯಿಗಳ ರಕ್ತದಲ್ಲಿ ಮೊದಲು ಕಂಡು, ಬಳಿಕ ನರಿಯಲ್ಲಿಯೂ ಗುರುತಿಸಿ ವರ್ಣಿಸಿದನೆಂಬುದು ದಕ್ಷಿಣದೇಶದವರಾದ ನಮಗೆ ನೆನಪಿರತಕ್ಕ ಸಂಗತಿ. ಇದೇ ಕಂದು ಉಣ್ಣೆಯು ಮನುಷ್ಯರಿಗೂ ಉಣ್ಣೆಜ್ವರವನ್ನು ಹರಡಬಲ್ಲದು. ಚಿಗಟವನ್ನು ನುಂಗಿದ ನಾಯಿಗೆ ಲಾಡಿಹುಳು ಸೇರುತ್ತದೆ.

‘ಉಣ್ಣೆಯ ರೋಗ’ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ೧೯೫೭ರಲ್ಲಿ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಗುರುತಿಸಲ್ಪಟ್ಟ ಮಂಗನ ಕಾಯಿಲೆ. ಅದನ್ನು ಮುಖ್ಯವಾಗಿ ಹರಡುವುದು ಮಲೆನಾಡಿನ ಕಾಡಿನ ಹಿಮಾಫೈಸಾಲಿಸ್ ಜಾತಿಯ ಉಣ್ಣೆ. ಬಯಲುಸೀಮೆಯ ನಾಯಿ ಉಣ್ಣೆ ಬೇರೆಯದು. ಎರಡನ್ನೂ ಒಂದೆಂದು ಬಗೆದು ಗಾಬರಿಯಿಂದ ಮಿತಿಮೀರಿ ವಿಷ ಸುರಿಯುವುದು ಸಲ್ಲದು.

ಹೀಗಿರಲಾಗಿ ‘ಮದ್ದೇ ಬೇಡ’ ಎಂಬ ಪಕ್ಷ ನಿಲ್ಲುವುದಿಲ್ಲ. ಚಿಕಿತ್ಸೆಯ ಅಪಾಯವನ್ನು ತೂಗುವಾಗ ತಕ್ಕಡಿಯ ಇನ್ನೊಂದು ತಟ್ಟೆಯಲ್ಲಿ ರೋಗದ ಅಪಾಯವನ್ನು ಇಡಲೇಬೇಕು.

೪. ಔಷಧವರ್ಗಗಳ ಪರೀಕ್ಷೆ

(ಅ) ಹಳೆಯ ಪುಡಿಗಳು. ಹಿಂದೆ ಗಮಾಕ್ಸಿನ್ ಪುಡಿ ಎಂದು ಹೆಸರಾಗಿದ್ದ ಬಿ.ಎಚ್.ಸಿ.ಯು ಹೊಲಕ್ಕೂ ಮನೆಗೂ ಪ್ರಾಣಿಗಳಿಗೂ ಬಳಕೆಯಾಗುತ್ತಿತ್ತು. ಇದು ಮಣ್ಣಿನಲ್ಲಿ ಬಹುಕಾಲ ಉಳಿದು, ಕೊಬ್ಬಿನಲ್ಲಿ ಸೇರಿ, ಹಾಲಿನ ಮೂಲಕ ಮನುಷ್ಯನನ್ನು ಮುಟ್ಟುವ ವಿಷ. ಭಾರತದಲ್ಲಿ ಬಿ.ಎಚ್.ಸಿ. ೧೯೯೭ರಲ್ಲಿಯೂ, ಅದರ ಶುದ್ಧಾಂಶವಾದ ಲಿಂಡೇನಿನ ಬಳಕೆ ೨೦೧೩ರಲ್ಲಿಯೂ ನಿಷೇಧಕ್ಕೆ ಒಳಗಾದುವು. ಹಳೆಯ ಡಬ್ಬಿಯಲ್ಲಿ ಉಳಿದ ಪುಡಿಯನ್ನು ನಾಯಿಗೆ ಹಚ್ಚುವುದು ಯಾವ ಕಾರಣದಿಂದಲೂ ಕೂಡದು.

(ಆ) ಹೊಲದ ಕೀಟನಾಶಕಗಳು. ಕಡಲೆಕಾಯಿ ಬೆಳೆಯುವ ಸೀಮೆಯಲ್ಲಿ ಬೆಳೆಗೆ ಸಿಂಪಡಿಸಿ ಮಿಕ್ಕ ಔಷಧ ಮನೆಯ ಮೂಲೆಯಲ್ಲಿರುವುದು ಸಹಜ. ಅದನ್ನೇ ನೀರಿಗೆ ಬೆರೆಸಿ ನಾಯಿಗೆ ಸುರಿಯುವ ಪ್ರಲೋಭನವೂ ಸಹಜ. ಆರ್ಗನೋಫಾಸ್ಫೇಟ್ ಜಾತಿಯ ವಿಷಗಳು ನರಗಳ ಸಂಧಿಯಲ್ಲಿ ಇರುವ ಒಂದು ಕಿಣ್ವವನ್ನು ತಡೆದು ಜೊಲ್ಲು, ವಾಂತಿ, ನಡುಕ, ಉಸಿರುಕಟ್ಟುವಿಕೆಗಳನ್ನು ತರುತ್ತವೆ. ಕೀಟಕ್ಕೂ ನಾಯಿಗೂ ಮನುಷ್ಯನಿಗೂ ಇವು ಒಂದೇ ಬಗೆಯಿಂದ ಮಾರಕ. ಬೆಳೆಗಾಗಿ ಮಾಡಿದ ದ್ರಾವಣದಲ್ಲಿ ಬೆರೆತ ಎಣ್ಣೆಗಳು ಚರ್ಮದ ಮೂಲಕ ವಿಷವನ್ನು ಒಳಕ್ಕೆ ಒಯ್ಯಲು ನೆರವಾಗುವುದು ಮತ್ತೊಂದು ಕೇಡು. ಈ ವರ್ಗವನ್ನು ಸಂಪೂರ್ಣವಾಗಿ ವರ್ಜಿಸತಕ್ಕದ್ದು.

(ಇ) ಪೈರಿತ್ರಾಯ್ಡುಗಳು. ಸೇವಂತಿಗೆಯ ಬಳಗದ ಒಂದು ಹೂವಿನಲ್ಲಿರುವ ಪೈರಿತ್ರಮ್ ಎಂಬ ಸತ್ತ್ವದ ಮಾದರಿಯಲ್ಲಿ ಕೃತಕವಾಗಿ ತಯಾರಿಸಿದ ಡೆಲ್ಟಾಮೆತ್ರಿನ್, ಸೈಪರ್ಮೆತ್ರಿನ್, ಪರ್ಮೆತ್ರಿನ್, ಫ್ಲೂಮೆತ್ರಿನ್ ಮೊದಲಾದುವು ಈ ಗುಂಪಿನವು. ಕುರಿದನಗಳಿಗೆಂದು ಮಾರುವ ದ್ರಾವಣಗಳಲ್ಲಿಯೂ, ನಾಯಿಯ ಕೊರಳಪಟ್ಟಿಗಳಲ್ಲಿಯೂ ಇವು ಇವೆ. ಸರಿಯಾದ ಅಳತೆಯಲ್ಲಿ ನಾಯಿ ಇವನ್ನು ಚೆನ್ನಾಗಿ ತಾಳಿಕೊಳ್ಳುತ್ತದೆ. ಉಣ್ಣೆ ಕಚ್ಚುವುದಕ್ಕೆ ಮೊದಲೇ ಅದನ್ನು ದೂರವಿಡುವ ಗುಣವೂ ಇವುಗಳಲ್ಲಿ ಕೆಲವಕ್ಕೆ ಉಂಟು. ಆದರೆ ಬೆಕ್ಕಿಗೆ ಪರ್ಮೆತ್ರಿನ್ ಕಡುವಿಷ. ಬೆಕ್ಕಿನ ಪಿತ್ತಜನಕಾಂಗಕ್ಕೆ ಇದನ್ನು ಬೇಗ ಕರಗಿಸಿ ಹೊರಹಾಕುವ ಶಕ್ತಿ ಸಾಲದು. ಮದ್ದು ಹಚ್ಚಿದ ನಾಯಿಯೊಡನೆ ಬೆಕ್ಕು ಮಲಗಿದರೆ ಅಥವಾ ಅದನ್ನು ನೆಕ್ಕಿದರೆ ಅಷ್ಟೇ ಸಾಕು, ನಡುಕವೂ ಸೆಳವೂ ಬಂದು ಸಾಯಬಹುದು. ಮೀನಿಗೂ ನೀರಿನ ಹುಳಗಳಿಗೂ ಈ ಗುಂಪು ಅತ್ಯಂತ ಮಾರಕ. ಇದರ ವಿಚಾರ ಮುಂದೆ ಬರುವುದು.

(ಈ) ಅಮಿಟ್ರಾಜ್. ಇದು ಉಣ್ಣೆಗೆ ಬಲವಾದ ಮದ್ದು. ಚಿಗಟಕ್ಕೆ ಅಷ್ಟಾಗಿ ಉಪಯೋಗವಿಲ್ಲ. ಅಳತೆ ಮೀರಿದರೆ ನಾಯಿಗೆ ಮಂಪರು, ನಾಡಿ ಮಂದವಾಗುವುದು, ರಕ್ತದಲ್ಲಿ ಸಕ್ಕರೆ ಏರುವುದು ಎಂಬ ದೋಷಗಳು ಕಾಣುತ್ತವೆ. ಎಳೆಯ ಮರಿ, ಮುದಿನಾಯಿ, ಸಕ್ಕರೆಕಾಯಿಲೆಯ ನಾಯಿಗಳಿಗೆ ಇದು ತಕ್ಕದ್ದಲ್ಲ. ಅಳತೆಯ ಮಹತ್ತ್ವಕ್ಕೆ ಇದನ್ನೇ ಉದಾಹರಿಸಬಹುದು. ನೂರಕ್ಕೆ ೧೨.೫ ಸತ್ತ್ವವುಳ್ಳ ದ್ರಾವಣವನ್ನು ಒಂದು ಲೀಟರು ನೀರಿಗೆ ೨ ಮಿಲಿಲೀಟರು ಬೆರೆಸಿದರೆ ಹತ್ತು ಲಕ್ಷ ಪಾಲಿನಲ್ಲಿ ೨೫೦ ಪಾಲು ಸತ್ತ್ವವಾಗುತ್ತದೆ. ೪ ಮಿಲಿಲೀಟರು ಬೆರೆಸಿದರೆ ೫೦೦. ಕಣ್ಣಂದಾಜಿನಿಂದ ೨೦ ಮಿಲಿಲೀಟರು ಸುರಿದರೆ ೨,೫೦೦ ಆಗಿ, ಮೊದಲಿನ ಹತ್ತರಷ್ಟಾಗುತ್ತದೆ. ‘ಒಂದು ಮುಚ್ಚಳ’ ಎಂಬುದು ಅಳತೆಯಲ್ಲ. ಒಂದೊಂದು ಸೀಸೆಯ ಮುಚ್ಚಳಕ್ಕೂ ಒಂದೊಂದು ಗಾತ್ರ.

(ಉ) ಐವರ್ಮೆಕ್ಟಿನ್. ಮಣ್ಣಿನ ಸೂಕ್ಷ್ಮಜೀವಿಯಿಂದ ದೊರೆತ ಈ ಔಷಧದ ಶೋಧಕ್ಕಾಗಿ ಓಮುರಾ ಮತ್ತು ಕ್ಯಾಂಪ್‌ಬೆಲ್ ಅವರಿಗೆ ೨೦೧೫ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಕುರಿದನಗಳಿಗೆ ಚುಚ್ಚುವ ನೂರಕ್ಕೆ ಒಂದು ಸತ್ತ್ವದ ದ್ರಾವಣದಲ್ಲಿ ಪ್ರತಿ ಮಿಲಿಲೀಟರಿಗೂ ೧೦ ಮಿಲಿಗ್ರಾಂ ಔಷಧವಿದ್ದು, ಅದು ೫೦ ಕಿಲೋಗ್ರಾಂ ತೂಕದ ಪ್ರಾಣಿಗೆ ಸಾಕಾಗುವಷ್ಟು. ಅದೇ ಒಂದು ಮಿಲಿಲೀಟರನ್ನು ೧೦ ಕಿಲೋಗ್ರಾಮಿನ ನಾಯಿಗೆ ಚುಚ್ಚಿದರೆ ಐದರಷ್ಟಾಯಿತು. ಮೇಲಾಗಿ ಕಾಲಿ ಮುಂತಾದ ಕೆಲವು ವಿದೇಶೀ ಕುರಿನಾಯಿ ತಳಿಗಳಲ್ಲಿ ಔಷಧವು ಮಿದುಳನ್ನು ಸೇರದಂತೆ ತಡೆಯುವ ಒಂದು ವ್ಯವಸ್ಥೆ ಹುಟ್ಟಿನಿಂದಲೇ ಕೆಟ್ಟಿರುವುದುಂಟು. ಈ ದೋಷಕ್ಕೆ ಕಾರಣವಾದ ವಂಶಾಣುವಿನ ವ್ಯತ್ಯಾಸವು ೨೦೦೧ರಲ್ಲಿ ಅಮೆರಿಕದಲ್ಲಿ ಪತ್ತೆಯಾಯಿತು. ಅಂತಹ ನಾಯಿಗಳಿಗೂ ಅವುಗಳ ಬೆರಕೆ ಸಂತತಿಗೂ ಸಾಮಾನ್ಯ ಪ್ರಮಾಣವೇ ಪ್ರಾಣಾಂತಿಕವಾಗಬಲ್ಲದು. ವೈದ್ಯನ ಕೈಯಿಂದಲ್ಲದೆ ಈ ಚುಚ್ಚುಮದ್ದು ನಾಯಿಗೆ ಸಲ್ಲದು.

(ಊ) ಫಿಪ್ರೊನಿಲ್. ನಾಯಿಯ ಬೆನ್ನಿಗೆ ತೊಟ್ಟಿಕ್ಕುವ ಅಥವಾ ಮೈಗೆ ಸಿಂಪಡಿಸುವ ಔಷಧ. ಇದು ಕೀಟದ ನರಗಳ ಮೇಲೆ ಹಿಡಿಯುವಷ್ಟು ಬಲವಾಗಿ ನಾಯಿಯ ನರಗಳ ಮೇಲೆ ಹಿಡಿಯದು. ಆದುದರಿಂದ ನಾಯಿಗೆ ಬಹುಮಟ್ಟಿಗೆ ಕ್ಷೇಮಕರ. ಆದರೆ ಮೊಲಕ್ಕೆ ಇದು ಮಾರಕ.

(ಋ) ಐಸಾಕ್ಸಜೋಲಿನ್ ಗುಳಿಗೆಗಳು. ಅಫಾಕ್ಸೊಲನರ್, ಫ್ಲೂರಲನರ್, ಸರೊಲನರ್, ಲೊಟಿಲನರ್ ಎಂಬಿವು ೨೦೧೩ರಿಂದೀಚೆಗೆ ಬಳಕೆಗೆ ಬಂದವು. ಬಾಯಿಂದ ಕೊಟ್ಟ ಗುಳಿಗೆ ರಕ್ತದಲ್ಲಿ ಸೇರಿ, ಕಚ್ಚಿದ ಉಣ್ಣೆ ಚಿಗಟಗಳನ್ನು ಕೊಲ್ಲುತ್ತದೆ; ಕೆಲವಕ್ಕೆ ಒಂದು ತಿಂಗಳು, ಫ್ಲೂರಲನರಿಗೆ ಸುಮಾರು ೧೨ ವಾರ ಶಕ್ತಿ ಇರುತ್ತದೆ. ಮೈಮೇಲೆ ವಿಷ ಅಂಟಿರದ ಕಾರಣ ಮಕ್ಕಳಿರುವ ಮನೆಗೆ ಇದು ಅನುಕೂಲ. ದೋಷಗಳು ಎರಡು. ಕಚ್ಚಿದ ಮೇಲಲ್ಲದೆ ಉಣ್ಣೆ ಸಾಯದಿರುವುದರಿಂದ, ಕೆಲವೇ ಗಂಟೆಗಳಲ್ಲಿ ದಾಟಬಲ್ಲ ರೋಗಾಣುವನ್ನು ಇದು ಪೂರ್ತಿ ತಡೆಯಲಾರದು. ಮತ್ತೊಂದು, ಕೆಲವು ನಾಯಿಗಳಲ್ಲಿ ನಡುಕ, ತೂರಾಟ, ಸೆಳವುಗಳು ಕಂಡುಬಂದುವೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ೨೦೧೮ರ ಸೆಪ್ಟೆಂಬರಿನಲ್ಲಿ ಎಚ್ಚರಿಕೆ ಪ್ರಕಟಿಸಿತು. ಹೆಚ್ಚಿನ ನಾಯಿಗಳಿಗೆ ಇವು ಕ್ಷೇಮವೆಂಬ ತೀರ್ಮಾನವನ್ನು ಆ ಸಂಸ್ಥೆ ಕೈಬಿಡಲಿಲ್ಲ. ಸೆಳವಿನ ಪೂರ್ವಚರಿತ್ರೆಯುಳ್ಳ ನಾಯಿಗಳ ವಿಷಯದಲ್ಲಿ ಜಾಗರೂಕತೆ ಬೇಕೆಂದು ಹೇಳಿತು.

೫. ನಾಟಿಮದ್ದುಗಳು

‘ಗಿಡದಿಂದ ಬಂದುದು ಕೇಡು ಮಾಡದು’ ಎಂಬ ನಂಬಿಕೆ ವ್ಯಾಪಕವಾಗಿದೆ. ಬೆಟ್ಟದ ಸಾಲುಗಳಲ್ಲಿ ಸೀತಾಫಲ ತಾನಾಗಿ ಬೆಳೆಯುವ ಈ ಸೀಮೆಯಲ್ಲಿ ಅದರ ಬೀಜವನ್ನು ಅರೆದು ಹೇನು ಉಣ್ಣೆಗಳಿಗೆ ಹಚ್ಚುವ ವಿದ್ಯೆ ಅಪರೂಪವಲ್ಲ. ಆ ಬೀಜದಲ್ಲಿ ಕೀಟನಾಶಕ ಸತ್ತ್ವವಿರುವುದು ನಿಜ. ಆ ಪುಡಿ ಕಣ್ಣಿಗೆ ಬಿದ್ದರೆ ಕಣ್ಣಿನ ಪಾರದರ್ಶಕ ಪೊರೆಗೆ ಹುಣ್ಣಾಗುವುದೂ ಅಷ್ಟೇ ನಿಜ. ಹೊಗೆಸೊಪ್ಪಿನ ಕಷಾಯದಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ನೆಕ್ಕಿದ ನಾಲಗೆಯ ಮೂಲಕವೂ ದೇಹ ಸೇರಿ ನಾಯಿಮರಿಯನ್ನು ಕೊಲ್ಲಬಲ್ಲದು. ಸೀಮೆಎಣ್ಣೆ ಚರ್ಮವನ್ನು ಸುಡುತ್ತದೆ. ಅದನ್ನು ನೆಕ್ಕಿದ ನಾಯಿಯ ಶ್ವಾಸಕೋಶಕ್ಕೆ ಹಾನಿಯಾಗುತ್ತದೆ. ಬೆಳ್ಳುಳ್ಳಿಯನ್ನು ತಿನ್ನಿಸಿದರೆ ಉಣ್ಣೆ ಹತ್ತದೆಂದು ಹೇಳುವುದುಂಟು. ಬೆಳ್ಳುಳ್ಳಿ ಈರುಳ್ಳಿಗಳು ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯತಕ್ಕ ಪದಾರ್ಥಗಳು. ಉಣ್ಣೆಯಿಂದ ಮೊದಲೇ ರಕ್ತಹೀನವಾದ ನಾಯಿಗೆ ಇದು ಎರಡನೆಯ ಪೆಟ್ಟು. ಕರ್ಪೂರವೂ ನಾಯಿಗೆ ವಿಷ.

ಬೇವಿನೆಣ್ಣೆ ಹೊಂಗೆಣ್ಣೆಗಳು ಇವುಗಳಿಗಿಂತ ಸೌಮ್ಯ. ತಿಳಿಯಾಗಿ ಬೆರೆಸಿ ಹಚ್ಚಿದರೆ ಕೀಟಗಳನ್ನು ಸ್ವಲ್ಪಮಟ್ಟಿಗೆ ದೂರವಿಡಬಹುದು. ಮೈತುಂಬ ಹತ್ತಿದ ಉಣ್ಣೆಯನ್ನು ಕೊಲ್ಲುವಷ್ಟು ಬಲ ಇವಕ್ಕಿಲ್ಲ. ಸೌಮ್ಯವೆಂಬ ಭರವಸೆಯಿಂದ ಎಣ್ಣೆ ಹಚ್ಚುತ್ತ ಕುಳಿತು, ಒಳಗೆ ಎರ್ಲಿಕಿಯಾ ಬೆಳೆಯಲು ಬಿಟ್ಟರೆ ಅದೂ ಒಂದು ಬಗೆಯ ಅಕ್ಷೇಮವೇ. ಸಿದ್ಧರಬೆಟ್ಟದ ಮೂಲಿಕೆಗಳನ್ನು ಕುರಿತ ಪರಂಪರೆಯ ತಿಳಿವಳಿಕೆಯನ್ನು ನಾವು ಗೌರವಿಸಬೇಕಾದರೆ, ರಾಸಾಯನಿಕಗಳನ್ನು ಇಟ್ಟ ತಕ್ಕಡಿಯಲ್ಲಿಯೇ ಅವನ್ನೂ ಇಟ್ಟು ತೂಗಬೇಕು.

೬. ವಾರ್ತೆಗಳ ಬೆಲೆ

ಔಷಧದಿಂದ ನಾಯಿ ಸತ್ತಿತೆಂಬ ವಾರ್ತೆಯನ್ನು ಹೇಗೆ ಗ್ರಹಿಸಬೇಕು? ಶಾಸನಗಳ ಸಾಕ್ಷ್ಯವನ್ನು ತೂಗಿ ನೋಡುವ ಅಭ್ಯಾಸವುಳ್ಳ ವಿದ್ವಾಂಸರಿಗೆ ಈ ಪ್ರಶ್ನೆ ಹೊಸದಲ್ಲ. ಅಮೆರಿಕದ ಪರಿಸರ ರಕ್ಷಣಾ ಸಂಸ್ಥೆಗೆ ೨೦೦೮ನೆಯ ಒಂದೇ ವರ್ಷದಲ್ಲಿ, ಬೆನ್ನಿಗೆ ತೊಟ್ಟಿಕ್ಕುವ ಔಷಧಗಳನ್ನು ಕುರಿತು ೪೪,೦೦೦ಕ್ಕೂ ಮೇಲ್ಪಟ್ಟ ದೂರುಗಳು ಬಂದುವು. ಅವುಗಳಲ್ಲಿ ಚರ್ಮದ ತುರಿಕೆಯಿಂದ ಮೊದಲುಗೊಂಡು ಮರಣದವರೆಗೆ ಎಲ್ಲ ಬಗೆಯವೂ ಇದ್ದುವು. ಸಂಖ್ಯೆ ದೊಡ್ಡದು, ಆದರೆ ಎಷ್ಟು ಕೋಟಿ ಸಲ ಔಷಧ ಬಳಕೆಯಾಯಿತು, ಅದೇ ಹೊತ್ತಿನಲ್ಲಿ ಬೇರೆ ರೋಗವಿದ್ದಿತೆ ಎಂಬುದನ್ನು ದೂರುಗಳಷ್ಟೇ ಹೇಳಲಾರವು. ೨೦೧೦ರಲ್ಲಿ ಆ ಸಂಸ್ಥೆ ಪ್ರಕಟಿಸಿದ ವಿಮರ್ಶೆಯಿಂದ ಎರಡು ಉಪಯುಕ್ತ ಸಂಗತಿಗಳು ತಿಳಿದುವು: ಚಿಕ್ಕ ಮೈಯ ನಾಯಿಗಳಿಗೆ ಬಾಧೆ ಹೆಚ್ಚು, ನಾಯಿಯ ಔಷಧವನ್ನು ಬೆಕ್ಕಿಗೆ ಹಚ್ಚಿದ ತಪ್ಪಿನಿಂದ ಆದ ಅನಾಹುತಗಳು ಅನೇಕ.

ಫ್ಲೂಮೆತ್ರಿನ್ ಮತ್ತು ಇಮಿಡಾಕ್ಲೋಪ್ರಿಡ್ ಬೆರೆತ ಕೊರಳಪಟ್ಟಿಯ ವಿಷಯದಲ್ಲಿಯೂ ಇಂತಹ ವಿವಾದವೆದ್ದು, ೨೦೨೩ರಲ್ಲಿ ಅದೇ ಸಂಸ್ಥೆ ಐದು ವರ್ಷಗಳ ಮಿತಿಯನ್ನೂ ಹೆಚ್ಚಿನ ವರದಿಯ ಷರತ್ತುಗಳನ್ನೂ ವಿಧಿಸಿ ಮಾರಾಟವನ್ನು ಮುಂದುವರಿಸಲು ಒಪ್ಪಿತು. ಇದರಿಂದ ಗ್ರಹಿಸತಕ್ಕದ್ದಿಷ್ಟು: ದೂರು ವಿಚಾರಣೆಗೆ ಮೊದಲ ಮೆಟ್ಟಿಲು, ಅದನ್ನು ಕಡೆಗಣಿಸುವುದೂ ತಪ್ಪು, ತೀರ್ಪೆಂದು ಭಾವಿಸುವುದೂ ತಪ್ಪು.

೭. ಮೈಯಿಂದ ಕೆರೆಗೆ

ಔಷಧದ ಪಯಣ ನಾಯಿಯ ಮೈಯಲ್ಲಿ ಮುಗಿಯುವುದಿಲ್ಲ. ಇಂಗ್ಲೆಂಡಿನ ೨೦ ಹೊಳೆಗಳಿಂದ ೨೦೧೬ರಿಂದ ೨೦೧೮ರವರೆಗೆ ಸಂಗ್ರಹಿಸಿದ ನೀರಿನ ಮಾದರಿಗಳಲ್ಲಿ ನೂರಕ್ಕೆ ೯೮ರಲ್ಲಿ ಫಿಪ್ರೊನಿಲ್ ದೊರೆಯಿತು. ಆ ದೇಶದ ಬೇಸಾಯದಲ್ಲಿ ಅದರ ಬಳಕೆ ಬಹಳ ಅಲ್ಪವಾಗಿದ್ದುದರಿಂದ, ನಾಯಿ ಬೆಕ್ಕುಗಳಿಗೆ ಹಚ್ಚಿದ ಮದ್ದೇ ಮುಖ್ಯ ಮೂಲವೆಂದು ಸಂಶೋಧಕರು ಊಹಿಸಿದರು.

ತುಂಬಿದ ಹೊಳೆಗಳ ದೇಶದ ಗತಿ ಇದಾದರೆ, ಬೇಸಗೆಯಲ್ಲಿ ಕೆರೆಯ ತಳದಲ್ಲಿ ಒಂದಿಷ್ಟು ನೀರು ಉಳಿಯುವ ಪಾವಗಡ ಶಿರಾಗಳಲ್ಲಿ ಎಚ್ಚರಿಕೆ ಇನ್ನೆಷ್ಟು ಬೇಕು! ಕುರಿಗಳನ್ನೂ ನಾಯಿಗಳನ್ನೂ ಔಷಧದ ನೀರಿನಲ್ಲಿ ತೊಳೆದು, ಉಳಿದುದನ್ನು ಕಟ್ಟೆಗೆ ಚೆಲ್ಲಿದರೆ ಪೈರಿತ್ರಾಯ್ಡಿನಿಂದ ಮೀನುಗಳು ಸಾಯುವುವು. ಅದೇ ನೀರನ್ನು ಮಂದೆ ಕುಡಿಯುವುದು. ಔಷಧಸ್ನಾನವನ್ನು ನೀರಿನ ಎಡೆಯಿಂದ ದೂರವಾಗಿ ಮಾಡಬೇಕು. ಮದ್ದು ಹಚ್ಚಿದ ನಾಯಿಯನ್ನು ಕೆಲವು ದಿವಸ ಕೆರೆಗೆ ಇಳಿಯಗೊಡಬಾರದು. ಉಳಿದ ದ್ರಾವಣವನ್ನೂ ಖಾಲ್ ಸೀಸೆಯನ್ನೂ ಬಾವಿ, ಕಾಲುವೆ, ಕಟ್ಟೆಗಳಿಂದ ದೂರವಿಡಬೇಕು.

ಮದ್ದು ಹಚ್ಚುವವನ ಕ್ಷೇಮವೂ ಇಲ್ಲಿ ಸೇರಿದೆ. ಬರಿಗೈಯಿಂದ ಹಚ್ಚಬಾರದು, ಮೈ ಒಣಗುವವರೆಗೆ ಮಕ್ಕಳು ನಾಯಿಯನ್ನು ಅಪ್ಪಿಕೊಳ್ಳಬಾರದು, ಅಡಿಗೆಯ ಪಾತ್ರೆಯಲ್ಲಿ ಔಷಧ ಕಲಸಬಾರದು, ಕುಡಿಯುವ ನೀರಿನ ಅಥವಾ ಪಾನೀಯದ ಸೀಸೆಯಲ್ಲಿ ತುಂಬಿಡಬಾರದು.

೮. ನಿರ್ಣಯಕ್ಕೆ ದಾರಿ

ಮೇಲಿನ ವಿಚಾರಗಳಿಂದ ಕೆಲವು ನಿಯಮಗಳು ಹೊರಡುತ್ತವೆ.

ಮೊದಲನೆಯದು, ನಾಯಿಯಷ್ಟೇ ಅದು ಮಲಗುವ ಸ್ಥಳಕ್ಕೂ ಗಮನ ಸಲ್ಲಬೇಕು. ಗೋಡೆಯ ಬಿರುಕುಗಳನ್ನು ಮೆತ್ತುವುದು, ಚಪ್ಪಡಿಯ ಸಂದಿಗಳನ್ನು ಮುಚ್ಚುವುದು, ಹಾಸಿದ ಗೋಣಿಯನ್ನು ಕುದಿಯುವ ನೀರಿನಲ್ಲಿ ಅದ್ದಿ ಬಿಸಿಲಿಗೆ ಒಡ್ಡುವುದು, ಕಸವನ್ನು ಗುಡಿಸಿ ಸುಡುವುದು, ಇವು ಯಾವ ವಿಷವನ್ನೂ ಬೇಡದ ಚಿಕಿತ್ಸೆಗಳು.

ಎರಡನೆಯದು, ಹತ್ತಿದ ಉಣ್ಣೆ ಕೆಲವೇ ಇದ್ದರೆ ಕೈಯಿಂದ ತೆಗೆಯುವುದೇ ಮೇಲು. ಚರ್ಮದ ಹತ್ತಿರ ಚಿಮಟದಿಂದ ಹಿಡಿದು ನೆಟ್ಟಗೆ ಎಳೆಯಬೇಕು. ಬೀಡಿಯಿಂದ ಸುಡುವುದೂ ಬರಿ ಉಗುರಿನಲ್ಲಿ ಹಿಸುಕುವುದೂ ಕೂಡದು.

ಮೂರನೆಯದು, ಮದ್ದು ಬೇಕಾದಾಗ ನಾಯಿಯ ತೂಕವನ್ನು ತೂಗಿ, ವಯಸ್ಸು, ಬಸಿರು, ಹಿಂದಿನ ಸೆಳವು, ಮನೆಯಲ್ಲಿರುವ ಬೆಕ್ಕು, ಇವನ್ನು ಪಶುವೈದ್ಯನಿಗೆ ತಿಳಿಸಿ ಆರಿಸಬೇಕು. ಒಂದೇ ಕಾಲದಲ್ಲಿ ಎರಡು ಬಗೆಯ ಮದ್ದನ್ನು ಸ್ವಬುದ್ಧಿಯಿಂದ ಸೇರಿಸಬಾರದು. ಅಳತೆಗಿಂತ ಕಡಿಮೆ ಹಾಕಿ ಉಳಿಸುವುದೂ ಲಾಭವಲ್ಲ. ಅರೆಮದ್ದಿನಿಂದ ಬದುಕಿ ಉಳಿದ ಉಣ್ಣೆಗಳ ಸಂತತಿ ಔಷಧಕ್ಕೆ ಜಗ್ಗದಂತಾಗುತ್ತದೆ.

ನಾಲ್ಕನೆಯದು, ಮದ್ದು ಹಚ್ಚಿದ ಮೇಲೆ ಜೊಲ್ಲು, ನಡುಕ, ತೂರಾಟ, ಮಂಪರು ಕಂಡರೆ ಸೌಮ್ಯವಾದ ಸಾಬೂನು ಹಾಕಿ ಉಗುರುಬೆಚ್ಚಗಿನ ನೀರಿನಿಂದ ಮೈ ತೊಳೆದು, ಹಾಲು ಎಣ್ಣೆಗಳನ್ನು ಕುಡಿಸದೆ, ವಾಂತಿ ಮಾಡಿಸದೆ, ಔಷಧದ ಸೀಸೆಯೊಡನೆ ಪಶುಚಿಕಿತ್ಸಾಲಯಕ್ಕೆ ಒಯ್ಯಬೇಕು. ಯಾವ ವಿಷವೆಂದು ತಿಳಿದಲ್ಲದೆ ಪ್ರತಿವಿಷವನ್ನು ಆರಿಸಲಾಗದು.

೯. ಭಾಷೆಗೆ ಸೇರಿದ ಕರ್ತವ್ಯ

ಕಡೆಯದಾಗಿ, ಈ ಪತ್ರಿಕೆಯ ವಾಚಕರ ಪಾಲಿಗೆ ಬರುವ ಒಂದು ಮಾತು. ೧೯೬೮ರ ಕೀಟನಾಶಕ ಕಾಯಿದೆಯ ವ್ಯವಸ್ಥೆಯಲ್ಲಿ ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ಗುರುತು ಇರಬೇಕೆಂದು ವಿಧಿಯುಂಟು: ಕೆಂಪು ಅತ್ಯುಗ್ರವಿಷಕ್ಕೆ, ಹಳದಿ ಉಗ್ರವಿಷಕ್ಕೆ, ನೀಲಿ ಮಧ್ಯಮಕ್ಕೆ, ಹಸುರು ಅಲ್ಪಕ್ಕೆ. ಪ್ರಾಣಿಗಳ ಔಷಧದ ಮೇಲೆ ಸಾಕುಪ್ರಾಣಿಯ ತಲೆಯ ಚಿತ್ರವೂ, ಮನುಷ್ಯರ ಉಪಯೋಗಕ್ಕಲ್ಲವೆಂಬ ಎಚ್ಚರಿಕೆಯೂ ಇರತಕ್ಕದ್ದು. ಬಣ್ಣವನ್ನೂ ಚಿತ್ರವನ್ನೂ ಎಲ್ಲರೂ ಕಾಣಬಲ್ಲರು. ಆದರೆ ಅಳತೆ, ಬೆರೆಸುವ ಕ್ರಮ, ನಿಷೇಧಗಳು ಸಣ್ಣ ಅಕ್ಷರದ ಇಂಗ್ಲಿಷಿನಲ್ಲಿದ್ದರೆ ಹಟ್ಟಿಯ ಕುರಿಗಾಹಿಗೆ ಅವು ಇದ್ದೂ ಇಲ್ಲದಂತೆ.

ಕೀರ್ತಿವರ್ಮನೂ ಮಂಗರಾಜನೂ ತಮ್ಮ ಕಾಲದ ಶಾಸ್ತ್ರವನ್ನು ಕನ್ನಡಕ್ಕೆ ತಂದರು. ಆ ಗ್ರಂಥಗಳನ್ನು ಪಾಠ ಹೇಳುವ ನಾವು ಅವುಗಳ ಛಂದಸ್ಸು ಭಾಷೆಗಳಲ್ಲಿಯೇ ನಿಂತುಬಿಡದೆ, ಅವುಗಳ ಉದ್ದೇಶವನ್ನೂ ಮುಂದುವರಿಸಬೇಕು. ‘ಹತ್ತು ಲಕ್ಷಕ್ಕೆ ೨೫೦ ಪಾಲು’ ಎಂಬ ಲೆಕ್ಕವನ್ನು ‘ಒಂದು ಲೀಟರು ನೀರಿಗೆ, ಸೂಜಿಯಿಲ್ಲದ ಸಿರಿಂಜಿನಲ್ಲಿ ೨ ಗೆರೆ’ ಎಂಬಷ್ಟು ಸ್ಪಷ್ಟವಾದ ಕನ್ನಡದಲ್ಲಿ ಹೇಳಬಲ್ಲ ಒಂದು ಹಾಳೆ ಪ್ರತಿ ಹಟ್ಟಿಗೂ ಬೇಕಾಗಿದೆ. ಆ ಸಿರಿಂಜಿನ ಗೆರೆ ಒಂದು ಮಿಲಿಲೀಟರಿನದೇ ಎಂದು ನೋಡಿಕೊಳ್ಳಬೇಕೆಂಬುದನ್ನೂ ಅದೇ ಹಾಳೆಯಲ್ಲಿ ಬರೆಯಬೇಕು. ಗ್ರಾಮದ ಪಾಠಶಾಲೆಯ ಮೇಲಿನ ತರಗತಿಗಳಲ್ಲಿ ಇಂತಹ ಹಾಳೆಯೊಂದನ್ನು ಗದ್ಯಪಾಠದಂತೆ ಓದಿಸಿ, ಅದರಲ್ಲಿನ ಲೆಕ್ಕವನ್ನು ಮಾಡಿಸಿದರೆ, ಮನೆಯ ಹಿರಿಯರಿಗೆ ಸೀಸೆಯ ಬರಹವನ್ನು ಓದಿ ಹೇಳುವ ಮಕ್ಕಳು ಪ್ರತಿ ಹಟ್ಟಿಯಲ್ಲಿಯೂ ದೊರೆಯುವರು. ಈ ಕೆಲಸಕ್ಕೆ ಪಶುವೈದ್ಯರ ಜ್ಞಾನವೂ ಭಾಷಾಧ್ಯಾಪಕರ ಲೇಖನಿಯೂ ಕೂಡಬೇಕು. ಮದ್ದೆಂಬ ಪದದ ಎರಡು ಅರ್ಥಗಳಲ್ಲಿ ಯಾವುದು ನಿಜವಾಗಬೇಕೆಂಬುದು ಬಹುಮಟ್ಟಿಗೆ ಆ ಹಾಳೆಯ ಸ್ಪಷ್ಟತೆಯನ್ನು ಅವಲಂಬಿಸಿದೆ.